ಸಹಾಯ ಬೇಕು: ಕಿರ್ಗಿಸ್ತಾನ್–ತಜಿಕಿಸ್ತಾನ್ ಗಡಿ ಒಪ್ಪಂದ ಓದಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಧ್ಯ ಏಷ್ಯಾದ ಗಡಿ ಜಗಳಗಳ ಬಗ್ಗೆ ಕಾಲೇಜಿನಲ್ಲಿ ಸೆಮಿನಾರ್ ಕೊಡಬೇಕಿದೆ. 2021ರ ಏಪ್ರಿಲ್‌ನಲ್ಲಿ ಈ ಎರಡು ದೇಶಗಳ ಗಡಿಯಲ್ಲಿರುವ ಗೊಲೊವ್ನೊಯ್ ಎಂಬ ನೀರು ಹಂಚುವ ಜಾಗದ ಕಂಬಕ್ಕೆ ಕ್ಯಾಮೆರಾ ಹಾಕಿದ್ದೇ ನೆಪ. ಕಲ್ಲು ತೂರಾಟ ಶುರುವಾಗಿ, ಕೊನೆಗೆ ಎರಡೂ ಕಡೆಯ ಸೈನಿಕರು ಗುಂಡು ಹಾರಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಇನ್ನೂ ಜೋರು. ಅಂಥವರು 2025ರ ಮಾರ್ಚ್ 13ರಂದು ಕಿರ್ಗಿಸ್ತಾನ್ ರಾಜಧಾನಿ ಬಿಷ್ಕೆಕ್‌ನಲ್ಲಿ ಕೂತು ಗಡಿ ಒಪ್ಪಂದಕ್ಕೆ ಸಹಿ ಹಾಕಿದರು, ಆಶ್ಚರ್ಯ ಅಲ್ವಾ?

ನನಗೆ ತಿಳಿಯಬೇಕಿರುವುದು ಇಷ್ಟೇ. ಗೊಲೊವ್ನೊಯ್ ನೀರು ಮತ್ತು ವೊರುಖ್‌ಗೆ (ಸುತ್ತಲೂ ಕಿರ್ಗಿಸ್ತಾನ್ ಇರುವ ತಜಿಕಿಸ್ತಾನದ ತುಂಡು ಜಾಗ) ಹೋಗುವ ರಸ್ತೆ, ಈ ಎರಡು ಗಂಟುಗಳನ್ನು ಹೇಗೆ ಬಿಡಿಸಿದರು? ರಷ್ಯನ್ ಬರುವವರು, ಅಥವಾ ಓಶ್, ಬಿಷ್ಕೆಕ್‌ನಲ್ಲಿ ಮೆಡಿಕಲ್ ಓದುತ್ತಿರುವ ನಮ್ಮವರು ಯಾರಾದರೂ ಒಪ್ಪಂದ ನೋಡಿ ಹೇಳ್ತೀರಾ? ಸುದ್ದಿ ಲಿಂಕ್ ಬೇಡ, ಅವು ಈಗಾಗಲೇ ಜಾಸ್ತಿ ಆಗಿವೆ. ಒಳ್ಳೆ ನಕ್ಷೆ ಇದ್ದರೆ ಕಳಿಸಿ.