ಐದು ಡಾಕ್ಟರು, ಒಂದು ಮಗು: ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಕೇಳಿದವರು: ಮಗಳಿಗೆ ಆರು ವರ್ಷ. ನರಗಳ ಕಾಯಿಲೆ, ಗುಣವಾಗುವಂಥದ್ದಲ್ಲ. ಫಿಟ್ಸ್‌ಗೆ ಒಬ್ಬರು, ಉಸಿರಾಟಕ್ಕೆ ಒಬ್ಬರು, ಹೊಟ್ಟೆಯ ಟ್ಯೂಬಿಗೆ ಮತ್ತೊಬ್ಬರು, ಹೀಗೆ ಒಟ್ಟು ಐದು ಜನ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ನಡುವೆ ನಾನೇ ಅಂಚೆಯವಳು. ಅನುಭವ ಇದ್ದವರು ಹೇಳಿ.

ಒಬ್ಬ ತಾಯಿ: ಅಂಚೆಯವಳು ಅಂದಿರಲ್ಲ, ನಗುವೂ ಬಂತು ಅಳುವೂ ಬಂತು. ನನ್ನ ಮಗ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತಗೊಳ್ತಿದ್ದ. ನ್ಯುಮೋನಿಯಾ ಆಗಿ ಬೇರೆ ಕಡೆ ಅಡ್ಮಿಟ್ ಮಾಡಿದಾಗ ಮೆರೊಪೆನೆಮ್ ಕೊಟ್ಟರು. ಎರಡು ದಿನ ಕಳೆಯುವಷ್ಟರಲ್ಲಿ ಫಿಟ್ಸ್ ಮೇಲೆ ಫಿಟ್ಸ್. ಆ ಆ್ಯಂಟಿಬಯೋಟಿಕ್ ಕೊಟ್ಟರೆ ರಕ್ತದಲ್ಲಿ ವಾಲ್‌ಪ್ರೊಯೇಟ್ ಮಟ್ಟ ಕುಸಿಯುತ್ತೆ ಅಂತ ಆಮೇಲೆ ತಿಳೀತು. ಅಲ್ಲಿ ಕೇಳಿದಾಗ ಗಾಬರಿಯಲ್ಲಿ ನಾನು "ಫಿಟ್ಸ್ ಸಿರಪ್" ಅಂದಿದ್ದೆ, ಅಷ್ಟೇ. ಅವತ್ತಿನಿಂದ ಎಲ್ಲ ಒಂದೇ ಹಾಳೆಯಲ್ಲಿ: ಕಾಯಿಲೆಯ ಹೆಸರು, ತೂಕ, ಔಷಧಿಗಳು, ಆಗದ ಔಷಧಿಗಳು, ಟ್ಯೂಬಿನ ಅಳತೆ. ಡೋಸನ್ನು ಮಿಲಿಗ್ರಾಂನಲ್ಲೇ ಬರೆಯಿರಿ. "5 ಎಂಎಲ್" ಅಂತ ಬರೆದರೆ ಸಾಲದು, ಒಂದೇ ಔಷಧಿಯ ಸಿರಪ್ಪು ಬೇರೆ ಬೇರೆ ಸ್ಟ್ರೆಂತ್‌ನಲ್ಲಿ ಬರುತ್ತೆ. ಮೇಲೆ ತಾರೀಖು ಹಾಕಿ, ಹಳೇದನ್ನ ಹರಿದು ಹಾಕಿ. ಚೀಲದಲ್ಲಿ ಎರಡು ಹಾಳೆ ಉಳಿದರೆ ಆತುರದಲ್ಲಿ ಹಳೇದೇ ಕೈಗೆ ಸಿಗೋದು.

ಒಬ್ಬ ತಂದೆ: "ಇವಳ ಒಟ್ಟು ಜವಾಬ್ದಾರಿ ನಿಮ್ಮಲ್ಲಿ ಯಾರದು?" ಅಂತ ಬಾಯಿಬಿಟ್ಟು ಕೇಳಿ. ಕೇಳೋವರೆಗೂ ಅದು ಯಾರದೂ ಅಲ್ಲ. ನಮಗೆ ಕೊನೆಗೆ ಆ ಕೆಲಸ ವಹಿಸಿಕೊಂಡದ್ದು ಪ್ಯಾಲಿಯೇಟಿವ್ ತಂಡ, ಅಂದರೆ ಗಂಭೀರ ಕಾಯಿಲೆಯಲ್ಲಿ ನೋವು, ಸಂಕಟ ಕಡಿಮೆ ಮಾಡೋ ಆರೈಕೆಯವರು. ಅದಕ್ಕೂ ಮೊದಲು ಒಂದು ವರ್ಷ "ಬೇಡ" ಅಂತ ತಳ್ಳಿದ್ದೆ, ಡಾಕ್ಟರು ಕೈಬಿಟ್ಟ ರೋಗಿಗಳಿಗೆ ಮಾತ್ರ ಆ ಆರೈಕೆ ಅಂದುಕೊಂಡು. ಮಕ್ಕಳಿಗಾದರೆ ಕಾಯಿಲೆ ಪತ್ತೆಯಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ಅದು ಶುರುವಾಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ.

ಮಕ್ಕಳ ಪ್ಯಾಲಿಯೇಟಿವ್ ನರ್ಸ್: ತುರ್ತು ಯೋಜನೆಯನ್ನು ಮಗು ಚೆನ್ನಾಗಿರುವಾಗಲೇ ಬರೆಸಿ, ಡಾಕ್ಟರ ಸಹಿ ಹಾಕಿಸಿ. ಫಿಟ್ಸ್ ಎಷ್ಟು ನಿಮಿಷ ದಾಟಿದರೆ ಯಾವ ಔಷಧಿ, ಯಾರಿಗೆ ಫೋನು, ಉಸಿರು ಕಷ್ಟವಾದರೆ ಆಸ್ಪತ್ರೆಗೋ ಮನೆಯಲ್ಲೋ, ಯಾವ್ಯಾವ ಚಿಕಿತ್ಸೆ ಬೇಡ. ಈ ಕೊನೆಯದನ್ನು ಮಾತಾಡಲು ಎದೆ ಒಡೆಯುತ್ತೆ. ಆದರೂ ಮಧ್ಯರಾತ್ರಿ ಪರಿಚಯವಿಲ್ಲದ ಡಾಕ್ಟರ ಮುಂದೆ ಮೊದಲ ಸಲ ಅದನ್ನ ಮಾತಾಡೋದು ಇನ್ನೂ ಕಷ್ಟ. ಮಾರ್ಫಿನ್ ಶುರು ಮಾಡಿದರೆ ಮಲಬದ್ಧತೆಗೂ ಔಷಧಿ ಕೇಳಿ ಪಡೆಯಿರಿ. ಮಾತು ಬಾರದ ಮಕ್ಕಳ ನೋವು ಅಳೆಯಲು ನಾವು ಫ್ಲ್ಯಾಕ್ (FLACC) ಅನ್ನೋ ಅಳತೆಪಟ್ಟಿ ನೋಡುತ್ತೇವೆ: ಮುಖ, ಕಾಲು, ಚಲನೆ, ಅಳು, ಸಮಾಧಾನ. ಒಂದೊಂದಕ್ಕೆ 0ಯಿಂದ 2, ಒಟ್ಟು 10. ನಿಮ್ಮ ಮಗುವಿನದೇ ಗುರುತುಗಳನ್ನೂ ಅದಕ್ಕೆ ಸೇರಿಸಬಹುದು.

ಒಬ್ಬ ತಂಗಿ: ಅಣ್ಣನಿಗೆ ನೋವಾದಾಗ ಎಡಗಾಲಿನ ಹೆಬ್ಬೆರಳು ಮಡಚುತ್ತಿದ್ದ. ನನಗೆ ಒಂಬತ್ತು ವರ್ಷ ಆಗ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೇಳಿದವರು: ಹಾಳೆ ಬರೆಯೋಕೆ ಕೂತೆ. ತೂಕದ ಹತ್ತಿರವೇ ನಿಂತುಬಿಟ್ಟೆ. ಕೊನೆಯ ಸಲ ತೂಕ ನೋಡಿ ಐದು ತಿಂಗಳಾಗಿದೆ, ಡೋಸೆಲ್ಲ ಅದರ ಮೇಲೇ ನಡೀತಿದೆ. ನಾಳೆ ಮೊದಲು ಅದೇ.