ನೌಕರರ ಆರೋಗ್ಯಕ್ಕಾಗಿ ನಾವು ಮಾಡಿದ ಪ್ರಯತ್ನ ಫಲಿಸಲಿಲ್ಲ. ಮತ್ತೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಗೋದಾಮಿನ ಓಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಕೆಜೋಳ ಖರೀದಿಸಿ, ಒಣಗಿಸಿ, ಹೊರರಾಜ್ಯಗಳಿಗೆ ಕಳಿಸುವ ಸಂಸ್ಥೆಯೊಂದರಲ್ಲಿ ನಾನು ಆಡಳಿತ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಕಚೇರಿಯಲ್ಲಿ 40 ಜನ, ಗೋದಾಮಿನಲ್ಲಿ ಹಮಾಲರೂ ಸೇರಿ ಸುಮಾರು 90 ಜನ ಇದ್ದೇವೆ. ಎರಡು ವರ್ಷಗಳ ಹಿಂದೆ ಲೆಕ್ಕಪತ್ರ ವಿಭಾಗದ ನಮ್ಮ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿರುವಾಗಲೇ ಕುಸಿದುಬಿದ್ದರು. ಅವರಿಗೆ ಆಗ 42 ವರ್ಷ. ಜೀವ ಉಳಿಯಿತು, ಆದರೆ ಬಲಗೈ ಇಂದಿಗೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ಅವರ ರಕ್ತದೊತ್ತಡವನ್ನು ಅದುವರೆಗೆ ಯಾರೂ ಅಳೆದೇ ಇರಲಿಲ್ಲವೆಂಬುದು ಆಸ್ಪತ್ರೆಗೆ ಹೋದ ಮೇಲೆ ತಿಳಿಯಿತು.

ಆ ಘಟನೆಯ ನಂತರ ಮಾಲೀಕರು ತಾವಾಗಿಯೇ ಮುಂದೆ ಬಂದು ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸಿದರು. ಅದರ ಬೆನ್ನಿಗೆ, ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ನಡಿಗೆ ಸ್ಪರ್ಧೆಯನ್ನೂ ನಡೆಸಿದೆವು. ಶಿಬಿರದ ಮರುದಿನ ಎಲ್ಲರ ತೂಕ, ಸೊಂಟದ ಅಳತೆ, ಸಕ್ಕರೆಯ ಪ್ರಮಾಣಗಳ ಪಟ್ಟಿಯನ್ನು ಹೆಸರು ಸಮೇತ ಸೂಚನಾ ಫಲಕಕ್ಕೆ ಅಂಟಿಸಿದವನು ನಾನೇ. ನೋಡಿದರೆ ಎಚ್ಚೆತ್ತುಕೊಳ್ಳುತ್ತಾರೆ ಎಂಬುದು ನನ್ನ ಎಣಿಕೆಯಾಗಿತ್ತು. ಸಂಜೆಯ ಹೊತ್ತಿಗೆ ಒಂದು ಹೆಸರಿನ ಸಾಲನ್ನು ಯಾರೋ ನೀಲಿ ಪೆನ್ನಿನಿಂದ ಕಾಗದ ಹರಿಯುವಷ್ಟು ಒತ್ತಿ ಗೀಚಿ ಅಳಿಸಿದ್ದರು. ಈ ವರ್ಷದ ಶಿಬಿರಕ್ಕೆ 40 ಜನರಲ್ಲಿ 11 ಜನ ಮಾತ್ರ ಬಂದರು. ಗೋದಾಮಿನಿಂದ ಒಬ್ಬರೂ ಬರಲಿಲ್ಲ.

ಈಗ ಮಾಲೀಕರು ಒಂದು ಕೋಣೆಯಲ್ಲಿ ವ್ಯಾಯಾಮದ ಯಂತ್ರಗಳನ್ನು ಕೂರಿಸೋಣ ಎನ್ನುತ್ತಿದ್ದಾರೆ. ಹಣ ಖರ್ಚು ಮಾಡುವ ಮನಸ್ಸಿರುವ ಮಾಲೀಕರು ಸಿಗುವುದು ಅಪರೂಪವಾದ್ದರಿಂದ, ಆ ಹಣ ನಿಜವಾಗಿ ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೇ ದಾವಣಗೆರೆ ವೈದ್ಯ

ಸ್ವಾಮಿ, ಮಾಡಿದ ತಪ್ಪನ್ನು ನೀವೇ ಒಪ್ಪಿಕೊಂಡು ಬರೆದಿರುವುದರಿಂದ ನೇರವಾಗಿ ಹೇಳುತ್ತೇನೆ. ಆ ಪಟ್ಟಿ ಹಾಕಿದ ದಿನವೇ ನಿಮ್ಮ ಕಾರ್ಯಕ್ರಮ ಮುಗಿದಿತ್ತು. ತನ್ನ ಸಕ್ಕರೆಯ ಪ್ರಮಾಣ ಪಕ್ಕದ ಮೇಜಿನವರಿಗೆ ಗೊತ್ತಾಗುತ್ತದೆ ಎಂದಾದರೆ ಯಾರೂ ಬೆರಳು ಚಾಚುವುದಿಲ್ಲ. ಮುಂದಿನ ತಪಾಸಣೆಗೆ ಮೊದಲು ಎಲ್ಲರನ್ನೂ ಸೇರಿಸಿ, ಹಿಂದಿನ ವರ್ಷದ್ದಕ್ಕೆ ಕ್ಷಮೆ ಕೇಳಿ. ಫಲಿತಾಂಶದ ಕಾಗದ ಮುಚ್ಚಿದ ಲಕೋಟೆಯಲ್ಲಿ ಆಯಾ ವ್ಯಕ್ತಿಯ ಕೈಗೇ ಹೋಗಬೇಕು. ಮಾಲೀಕರಿಗೂ ನಿಮಗೂ ಹೆಸರಿಲ್ಲದ ಒಟ್ಟು ಸಂಖ್ಯೆಗಳಷ್ಟೇ ಸಾಕು.

ಎರಡನೆಯದಾಗಿ, ಅಳೆದರಷ್ಟೇ ಆರೋಗ್ಯ ಸುಧಾರಿಸುವುದಿಲ್ಲ. ರಕ್ತದೊತ್ತಡ 140/90ಕ್ಕಿಂತ ಮೇಲಿದ್ದವರು, ಬರಿಹೊಟ್ಟೆಯ ಸಕ್ಕರೆ 126ಕ್ಕಿಂತ ಹೆಚ್ಚಿದ್ದವರು ಮುಂದೆ ಯಾವ ವೈದ್ಯರ ಬಳಿಗೆ, ಯಾವ ದಿನ ಹೋಗಬೇಕು, ಅಂದಿನ ಅರ್ಧ ದಿನದ ಸಂಬಳ ಕಡಿತವಾಗುತ್ತದೆಯೇ ಇಲ್ಲವೇ ಎಂಬುದು ಶಿಬಿರಕ್ಕೆ ಮೊದಲೇ ತೀರ್ಮಾನವಾಗಿರಬೇಕು. 30 ವರ್ಷ ಮೀರಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಎರಡೂ ತಪಾಸಣೆ ಉಚಿತವಾಗಿದೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರ ಹೆಸರಿನಲ್ಲಿ ನೀವು ಶೇ. 3.25, ಅವರು ಶೇ. 0.75 ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಗೆ, ಕಟ್ಟುತ್ತಿದ್ದೀರಿ. ಆದರೂ ಆ ಕಾರ್ಡನ್ನು ಹೆರಿಗೆಗೆ ಮತ್ತು ಅಪಘಾತಕ್ಕೆ ಮಾತ್ರ ಎಂದು ಭಾವಿಸಿ ಪೆಟ್ಟಿಗೆಯಲ್ಲಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಪ್ರತಿ ತಿಂಗಳ ಬಿಪಿ ಮಾತ್ರೆಯೂ ಅದರಲ್ಲೇ ಸಿಗುತ್ತದೆ.

ಯಂತ್ರಗಳ ಕೋಣೆ ಬೇಡ. ಅಮೆರಿಕದ ಒಂದು ದೊಡ್ಡ ಮಾರಾಟ ಸಂಸ್ಥೆಯ 160 ಮಳಿಗೆಗಳಲ್ಲಿ, ಸುಮಾರು 33,000 ನೌಕರರ ನಡುವೆ, ಕೆಲವು ಮಳಿಗೆಗಳಲ್ಲಿ ಮಾತ್ರ ಆಹಾರ, ವ್ಯಾಯಾಮದ ತಿಳಿವಳಿಕೆ ಕೊಡುವ ಕಾರ್ಯಕ್ರಮ ನಡೆಸಿ ಉಳಿದವುಗಳೊಂದಿಗೆ ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದ ನಂತರ, ತಾವು ವ್ಯಾಯಾಮ ಮಾಡುತ್ತಿದ್ದೇವೆ, ತೂಕದ ಬಗ್ಗೆ ಎಚ್ಚರ ವಹಿಸುತ್ತಿದ್ದೇವೆ ಎಂದು ಹೇಳುವವರ ಸಂಖ್ಯೆ ಹೆಚ್ಚಿತ್ತು. ಆದರೆ ರಕ್ತದೊತ್ತಡ, ಕೊಲೆಸ್ಟರಾಲ್, ರಜೆ, ಚಿಕಿತ್ಸೆಯ ವೆಚ್ಚ ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಕೈಚೆಲ್ಲಬೇಕೆಂದು ನಾನು ಹೇಳುತ್ತಿಲ್ಲ. ಜನರಿಗೆ ಉಪದೇಶ ಮಾಡಿ, ಕೆಲಸದ ಜಾಗವನ್ನು ಇದ್ದಂತೆಯೇ ಬಿಟ್ಟರೆ ಫಲ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಚಹಾದಿಂದಲೇ ಆರಂಭಿಸಿ. ನಮ್ಮ ಊರಿನ ಕಚೇರಿಗಳಿಗೆ ಬರುವ ಫ್ಲಾಸ್ಕಿನ ಚಹಾಕ್ಕೆ ಸಕ್ಕರೆಯನ್ನು ಮೊದಲೇ ಬೆರೆಸಿರುತ್ತಾರೆ; ಬೇಡವೆನ್ನುವವರಿಗೆ ಬೇರೆ ದಾರಿಯೇ ಇರುವುದಿಲ್ಲ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಬಾರಿ ಕುಡಿದರೆ ಸುಮಾರು 50 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗುತ್ತದೆ. ಅದನ್ನು 25 ಗ್ರಾಮಿಗೆ ಇಳಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಕ್ಕರೆಯಿಲ್ಲದ ಒಂದು ಫ್ಲಾಸ್ಕು, ಪಕ್ಕದಲ್ಲೊಂದು ಸಕ್ಕರೆ ಡಬ್ಬಿ ಇಡಿಸಿ, ಯಾರಿಗೂ ಏನೂ ಹೇಳಬೇಡಿ. ಸಂಜೆಯ ಮಂಡಕ್ಕಿ–ಮೆಣಸಿನಕಾಯಿ ಬಜ್ಜಿಯನ್ನು ನಿಲ್ಲಿಸಲು ಹೋಗಬೇಡಿ, ದಾವಣಗೆರೆಯಲ್ಲಿ ಅದು ನಡೆಯುವ ಮಾತಲ್ಲ. ಮಂಡಕ್ಕಿ ಹಗುರವೆಂದು ನಾವು ಭಾವಿಸಿದರೂ ಅದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅದಕ್ಕೆ ಹುರಿದ ಶೇಂಗಾ, ಮೊಳಕೆಕಾಳು, ಈರುಳ್ಳಿ, ಸೌತೆಕಾಯಿ ಧಾರಾಳವಾಗಿ ಬೆರೆಸಿಸಿ. ಬಜ್ಜಿ ವಾರಕ್ಕೊಂದು ದಿನ ಬರಲಿ.

ಉತ್ತರ 2: ಕೋಟೆ ಬದಿಯವಳು, ಚಿತ್ರದುರ್ಗ

ವೈದ್ಯರು ಹೇಳಿದ್ದೆಲ್ಲ ಸರಿ. ಆದರೆ ಹೆಣ್ಣುಮಕ್ಕಳ ವಿಷಯ ಇಲ್ಲಿ ಯಾರ ಬಾಯಲ್ಲೂ ಬಂದಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಸಿದ್ಧ ಉಡುಪಿನ ಘಟಕದಲ್ಲಿ ಹೊಲಿಗೆ ಸಾಲಿನ ಮೇಲ್ವಿಚಾರಕಿಯಾಗಿದ್ದೆ. ಅಲ್ಲಿ ಗೋಡೆಗಳ ಮೇಲೆ “ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ” ಎಂಬ ಬಣ್ಣದ ಫಲಕಗಳಿದ್ದವು. ಶೌಚಾಲಯ ಹೊಲಿಗೆ ಸಾಲಿನಿಂದ ಇನ್ನೊಂದು ತುದಿಯಲ್ಲಿತ್ತು, ಹೋಗಬೇಕಾದರೆ ಕೊಕ್ಕೆಗೆ ತೂಗುಹಾಕಿದ ಒಂದೇ ಒಂದು ಟೋಕನ್ ತೆಗೆದುಕೊಂಡು ಹೋಗಬೇಕಿತ್ತು. ಅದು ಯಾರ ಕೈಯಲ್ಲಾದರೂ ಇದ್ದರೆ ಉಳಿದವರು ಕಾಯಬೇಕು. ಗಂಟೆಯ ಟಾರ್ಗೆಟ್ ಮಾತ್ರ ಕಾಯುವುದಿಲ್ಲ. ಏಪ್ರಿಲ್ ತಿಂಗಳ ದುರ್ಗದ ಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ, ನನ್ನ ಸಾಲಿನ ಹುಡುಗಿಯರು ಬೆಳಿಗ್ಗೆ ಮನೆಯಿಂದ ತಂದ ನೀರಿನ ಬಾಟಲಿಯನ್ನು ಸಂಜೆ ತುಂಬಿದ್ದ ಹಾಗೆಯೇ ವಾಪಸು ಒಯ್ಯುತ್ತಿದ್ದರು. ಉರಿಮೂತ್ರಕ್ಕೆ ಮಾತ್ರೆ ನುಂಗದವರು ನಮ್ಮಲ್ಲಿ ವಿರಳ. ಆ ಟೋಕನ್ನನ್ನು ಕಾಯುವ ಕೆಲಸ ನನ್ನದಾಗಿತ್ತೆಂಬ ನೋವು ನನಗೆ ಇನ್ನೂ ಇದೆ.

ಈಗಿರುವ ಕಡೆ ಟೋಕನ್ ಇಲ್ಲ. ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆ, ಬಕೆಟ್ಟಿನಲ್ಲಿ ನೀರಿದೆ. ನೀರು ಕುಡಿಯಿರಿ ಎಂದು ಯಾರೂ ಹೇಳದಿದ್ದರೂ ಎಲ್ಲರೂ ಕುಡಿಯುತ್ತಾರೆ. ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ವಿಚಾರಿಸಿ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಪರೀಕ್ಷೆ ಮಾಡಿಸದೆ ಕುಡಿಯಲು ಕೊಡಬಾರದು.

ಇನ್ನೊಂದು ಮಾತು. ನಡಿಗೆ, ಯೋಗ ಏನೇ ಇದ್ದರೂ ಅದನ್ನು ಕೆಲಸದ ವೇಳೆಯೊಳಗೇ ಇಡಿ, ಅಣ್ಣ. ಬೆಳಿಗ್ಗೆ ಆರಕ್ಕೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯಲು ಬನ್ನಿ ಎಂದರೆ, ಆ ಹೊತ್ತಿಗೆ ರೊಟ್ಟಿ ಬಡಿದು ಮಕ್ಕಳ ಡಬ್ಬಿ ಕಟ್ಟಬೇಕಾದವರು ಹೇಗೆ ಬಂದಾರು?

ಉತ್ತರ 3: ಚನ್ನಗಿರಿ ಸೀಮೆ

ಹೆಜ್ಜೆ ಎಣಿಸುವ ಸ್ಪರ್ಧೆಯ ವಿಷಯ ಓದಿ ನಿಮ್ಮ ಗೋದಾಮಿನ ಹಮಾಲರು ಏನೆಂದುಕೊಂಡಿರಬಹುದೆಂದು ಯೋಚಿಸಿದೆ. ಬಹುಮಾನ ಕಚೇರಿಯವರೊಬ್ಬರಿಗೇ ಹೋಗಿರಬೇಕು. ದಿನವಿಡೀ ಲಾರಿಯಿಂದ ಅಟ್ಟಿಗೆ ಚೀಲ ಹೊರುವವರು ಮೊಬೈಲನ್ನು ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲೇ ಇಟ್ಟು ಬರುತ್ತಾರೆ. ಅವರ ಒಂದು ಹೆಜ್ಜೆಯೂ ಲೆಕ್ಕಕ್ಕೆ ಸಿಗುವುದಿಲ್ಲ. ಕುಳಿತು ಕೆಲಸ ಮಾಡುವವರಿಗೆ ವಾರಕ್ಕೆ 150 ನಿಮಿಷದ ನಡಿಗೆ ಬೇಕು, ನಿಜ. ಹೊರುವವರಿಗೆ ಬೇಕಾದದ್ದು ವಿಶ್ರಾಂತಿ, ಸೊಂಟದ ರಕ್ಷಣೆ ಮತ್ತು ದೂಳಿಲ್ಲದ ಗಾಳಿ. ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ನಿಮ್ಮ ಚೀಲಗಳನ್ನು ಒಮ್ಮೆ ತೂಗಿ ನೋಡಿ. ಯಂತ್ರದ ಕೋಣೆಗೆಂದು ಇಟ್ಟ ಹಣದಲ್ಲಿ ಕೈಗಾಡಿಗಳನ್ನೂ ದೂಳು ತಡೆಯುವ ಒಳ್ಳೆಯ ಮುಖಗವಸುಗಳನ್ನೂ ಕೊಳ್ಳಬಹುದು.

ಗುಟ್ಕಾ ವಿಚಾರ. ನಾನು ಅಡಿಕೆ ಬೆಳೆಗಾರರ ಮನೆಯವನು. ನಮ್ಮ ಮನೆ ಕಟ್ಟಿದ್ದು, ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲೇ. ಆದುದರಿಂದ ಇದನ್ನು ಬರೆಯುವುದು ನನಗೆ ಸುಲಭವಲ್ಲ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು, ಆಮೇಲೆ ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಬಂದವು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ನನ್ನ ಚಿಕ್ಕಪ್ಪನ ಬಾಯಿ ಕೊನೆಯ ವರ್ಷಗಳಲ್ಲಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಮುದ್ದೆಯನ್ನು ಸಾರಿನಲ್ಲಿ ಕಲಸಿ ಚಮಚದಿಂದ ಒಳಗೆ ಬಿಡಬೇಕಾಗುತ್ತಿತ್ತು.

ಹಮಾಲರು ಅದನ್ನು ಚಟಕ್ಕೆ ಮಾತ್ರ ಹಾಕುವುದಿಲ್ಲ, ಹಸಿವು ಮತ್ತು ಆಯಾಸ ತಡೆಯಲೆಂದೂ ಹಾಕುತ್ತಾರೆ. ಹತ್ತೂವರೆಗೆ ಒಂದು ತಟ್ಟೆ ಉಪ್ಪಿಟ್ಟೋ ಬೇಯಿಸಿದ ಕಾಳೋ ಸಂಸ್ಥೆಯ ವತಿಯಿಂದ ಕೊಡಿ. ದಂಡ ಹಾಕಬೇಡಿ, ಹಾಕಿದರೆ ಗೋಡೆಯ ಹಿಂದೆ ಹೋಗಿ ಹಾಕಿಕೊಳ್ಳುತ್ತಾರೆ. ಬಿಡಬೇಕೆನ್ನುವವರಿಗೆ ತಂಬಾಕು ತ್ಯಜಿಸುವ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ, ಸಂಖ್ಯೆ 1800-11-2356.

ಪ್ರಶ್ನೆ ಕೇಳಿದವರಿಂದ: ಗೋದಾಮಿನ ಓಣಿ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಈ ಉತ್ತರಗಳನ್ನು ಮುದ್ರಿಸಿ ಮಾಲೀಕರ ಮುಂದಿಟ್ಟೆ. ಕೈಗಾಡಿಗಳಿಗೆ ಒಪ್ಪಿದ್ದಾರೆ, ಬೆಳಗಿನ ಉಪಾಹಾರಕ್ಕೆ ಮೂರು ತಿಂಗಳು ನೋಡೋಣ ಎಂದಿದ್ದಾರೆ. ಹಮಾಲರು ಮೇಸ್ತ್ರಿಯ ಮೂಲಕ ಬರುವುದರಿಂದ ಅವರಿಗೆ ಇಎಸ್‌ಐ ಕಟ್ಟಿಯೇ ಇಲ್ಲವೆಂಬುದು ನನ್ನ ಗಮನಕ್ಕೆ ಬಂದದ್ದೂ ನಿನ್ನೆಯೇ. ಅದಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ನಾನು ಬಿಡುವುದೂ ಇಲ್ಲ.

ಚೀಲ ತೂಗಿದೆ. ಅಟ್ಟಿಯಿಂದ ಸುಮ್ಮನೆ ಎಳೆದ ನಾಲ್ಕರಲ್ಲಿ ಮೂರು 60 ಕಿಲೋ ದಾಟಿದ್ದವು. ತೂಕದ ಯಂತ್ರದ ಬಳಿ ನಿಂತಿದ್ದ ಹಿರಿಯ ಹಮಾಲರೊಬ್ಬರು, “ಇಷ್ಟ್ ವರ್ಷದಾಗ ನಮ್ ಚೀಲ ತೂಗಿ ನೋಡಿದೋರು ನೀವೇ ಮೊದ್ಲು, ಸಾರ್” ಎಂದರು. ಹೆಸರು ಗೀಚಿ ಅಳಿಸಿದ್ದವರು ಯಾರೆಂದು ನನಗೆ ಮೊದಲೇ ಗೊತ್ತಿತ್ತು. ಸೋಮವಾರ ಅವರ ಬಳಿ ಹೋಗಿ ಮಾತನಾಡುತ್ತೇನೆ. ಅಂದಿನಿಂದಲೇ ಚಹಾದವರು ಎರಡು ಫ್ಲಾಸ್ಕು ತರಲಿದ್ದಾರೆ.