ಎಲ್ಲೂ ಕೆಲಸ ಮಾಡಿಲ್ಲ, ಮೊದಲ ರೆಸ್ಯೂಮೆಯಲ್ಲಿ ಏನು ಬರೆಯಲಿ? ಗೊತ್ತಿದ್ದವರು ಹೇಳಿ

ಅಂಕೋಲಾದಿಂದ, ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಆರನೇ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು. ಹುಬ್ಬಳ್ಳಿಯ ಒಂದು ಅಕೌಂಟ್ಸ್ ಕಚೇರಿಗೂ ಗೋಕರ್ಣದ ಒಂದು ರೆಸಾರ್ಟಿನ ಫ್ರಂಟ್ ಆಫೀಸಿಗೂ ಅರ್ಜಿ ಹಾಕಬೇಕು ಅಂತಿದ್ದೇನೆ. ಇಬ್ಬರೂ ರೆಸ್ಯೂಮೆ ಕಳಿಸಿ ಅಂದಿದ್ದಾರೆ. ನಾನು ಇಂಟರ್ನ್‌ಶಿಪ್ ಸಹ ಮಾಡಿಲ್ಲ. ಹೆಸರು, ವಿಳಾಸ, ಮಾರ್ಕ್ಸ್ ಬರೆದರೆ ಅರ್ಧ ಪುಟಕ್ಕೇ ಮುಗಿಯುತ್ತದೆ. ಗೆಳತಿಯರು ನೆಟ್‌ನಿಂದ ಒಂದೇ ನಮೂನೆ ಇಳಿಸಿಕೊಂಡು ಹೆಸರು ಬದಲಿಸಿ ಕಳಿಸಿದ್ದಾರೆ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ಉಳಿದ ಅರ್ಧ ಪುಟ ಹೇಗೆ ತುಂಬಿಸಲಿ?

ಶಿರಸಿಯಿಂದ, ತೆರಿಗೆ ಸಲಹೆಗಾರರು:
ತಂಗೀ, ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ಕಚೇರಿಗೂ ರೆಸ್ಯೂಮೆಗಳು ಬರತೊಡಗುತ್ತವೆ. ಹೆಚ್ಚಿನವುಗಳ ತಲೆಯ ಮೇಲೆ ಒಂದೇ ಸಾಲು: ಸವಾಲಿನ ಹುದ್ದೆಯಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದೇ ನನ್ನ ಗುರಿ. ಅದನ್ನು ಓದಿ ಬರೆದವರ ಬಗ್ಗೆ ನನಗೆ ಏನೂ ತಿಳಿಯುವುದಿಲ್ಲ. ನಾನು ಹುಡುಕುವುದು ಇಷ್ಟೇ: ಲೆಕ್ಕ ಕೂಡಿಸಿದರೆ ತಾಳೆ ಬರುತ್ತದಾ, ಒಪ್ಪಿಸಿದ ಕೆಲಸ ಮುಗಿಯುತ್ತದಾ.

ಸಂಬಳ ಸಿಕ್ಕ ಕೆಲಸ ಮಾತ್ರ ಅನುಭವ ಅಂತ ನಮ್ಮ ಮಕ್ಕಳು ತಿಳಿದುಬಿಟ್ಟಿದ್ದಾರೆ. ನಮ್ಮ ಕಡೆ ಅಡಿಕೆ ಸುಗ್ಗಿಯಲ್ಲಿ ಯಾರು ಎಷ್ಟು ಸುಲಿದರು ಅಂತ ತೂಕ ಮಾಡಿ ಪುಸ್ತಕದಲ್ಲಿ ಬರೆಯುವವರು, ವಾರದ ಬಟವಾಡೆಗೆ ದುಡ್ಡು ಎಣಿಸಿಡುವವರು, ಒಣಗಿಸಿ ಸುಲಿದ ಚಾಲಿ ಅಡಿಕೆ ಸೊಸೈಟಿಗೆ ಹೋದಾಗ ಪಟ್ಟಿ ತಾಳೆ ನೋಡುವವರು ಎಷ್ಟೋ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳೇ. ರೆಸ್ಯೂಮೆಯಲ್ಲಿ ಅದರ ಸುದ್ದಿಯೇ ಇರುವುದಿಲ್ಲ! ನೀನೂ ಏನೋ ಒಂದು ಮಾಡಿಯೇ ಇರುತ್ತೀ. ಮನೆಯಲ್ಲಿ, ಊರಲ್ಲಿ, ಕಾಲೇಜಲ್ಲಿ ಯಾವುದರ ಹೊಣೆ ನಿನ್ನ ಮೇಲಿತ್ತು ಅಂತ ಮೊದಲು ಇಲ್ಲಿ ಬರೆ. ಆಮೇಲೆ ನೋಡೋಣ.

ಪ್ರಶ್ನೆ ಕೇಳಿದವಳು:
ಸರ್, ಅಮ್ಮ ಮೀನು ವ್ಯಾಪಾರ ಮಾಡುತ್ತಾರೆ. ಬಂದರಿನ ಹರಾಜಿನಲ್ಲಿ ಬಂಗಡೆ, ತಾರ್ಲೆ ಕೊಂಡು ಪೇಟೆಯಲ್ಲಿ ಮಾರುತ್ತಾರೆ. ಮೂರು ಹೋಟೆಲಿಗೆ ಉದ್ರಿ ಕೊಡುವುದೂ ಇದೆ. ಪಿಯುಸಿಯಿಂದ ಈ ಲೆಕ್ಕ ಬರೆಯುವುದು ನಾನೇ. ಖರೀದಿ, ಐಸು, ಟೆಂಪೋ ಬಾಡಿಗೆ, ಉದ್ರಿ ವಸೂಲಿ ಎಲ್ಲ. ಕಳೆದ ವರ್ಷದಿಂದ ಎಕ್ಸೆಲ್‌ನಲ್ಲಿ ಹಾಕುತ್ತಿದ್ದೇನೆ. ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷ ಇದ್ದೆ. ಪಕ್ಕದ ಮನೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೀನಿನ ಲೆಕ್ಕ ಅಂತ ಬರೆದರೆ ನಗುತ್ತಾರೇನೋ ಅಂತ ಬಿಟ್ಟಿದ್ದೆ.

ಶಿರಸಿಯಿಂದ, ತೆರಿಗೆ ಸಲಹೆಗಾರರು:
ನಗುವವರ ಕಚೇರಿ ನಿನಗೆ ಬೇಡವೇ ಬೇಡ. ನೀನು ಬಿಟ್ಟಿದ್ದನ್ನೇ ವಿದ್ಯಾಭ್ಯಾಸದ ಕೆಳಗೆ ಮೊದಲು ಹಾಕು. ರೆಸ್ಯೂಮೆ ಇಂಗ್ಲಿಷಿನಲ್ಲಿದ್ದರೂ ಧಾಟಿ ಹೀಗಿರಲಿ:

"ಕುಟುಂಬದ ಮೀನು ವ್ಯಾಪಾರದ ಲೆಕ್ಕಪತ್ರ, ಅಂಕೋಲಾ. ಪಿಯುಸಿಯಿಂದ ಈವರೆಗೆ. ದಿನದ ಖರೀದಿ, ಐಸ್, ಸಾಗಣೆ ಮತ್ತು ಮಾರಾಟ ಬರೆದು ಅಂದಂದಿನ ಲಾಭ-ನಷ್ಟ ತೆಗೆಯುತ್ತೇನೆ. ಮೂರು ಹೋಟೆಲುಗಳ ಉದ್ರಿ ಖಾತೆ ನೋಡಿಕೊಳ್ಳುತ್ತೇನೆ. ಕಳೆದ ವರ್ಷದಿಂದ ಈ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತಿದ್ದೇನೆ."

ಇಷ್ಟು ಸಾಕು. ಅಕೌಂಟ್ಸ್ ಮ್ಯಾನೇಜರ್ ಅಂತೆಲ್ಲ ಹುದ್ದೆ ಕಟ್ಟಿಕೊಳ್ಳಬೇಡ, ಮಾಡಿದ ಕೆಲಸದ ತೂಕವೇ ಕಡಿಮೆಯಾಗುತ್ತದೆ. ಈ ಸಾಲು ನೋಡಿದರೆ ಸಂದರ್ಶನದಲ್ಲಿ ನಾನು ಕೇಳುವುದು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ಮನೆಯ ಖರ್ಚು ಹೇಗೆ ತೂಗಿಸುತ್ತೀರಿ? ಹೋಟೆಲಿನವರು ದುಡ್ಡು ಕೊಡಲು ಎಳೆದಾಡಿದರೆ ಏನು ಮಾಡುತ್ತೀರಿ? ಎರಡಕ್ಕೂ ನಿನ್ನ ಹತ್ತಿರ ಉತ್ತರ ಇದೆ, ಯಾರೂ ಹೇಳಿಕೊಡಬೇಕಿಲ್ಲ.

ಎಕ್ಸೆಲ್ ಬರುತ್ತದೆ ಅಂತ ಬರೆದು ಬಿಡಬೇಡ. ಸಮ್‌ಇಫ್ ಬರುತ್ತದಾ, ಪಿವಟ್ ಟೇಬಲ್ ಬರುತ್ತದಾ, ಬರುವುದನ್ನಷ್ಟೇ ಹೆಸರು ಹೇಳಿ ಬರೆ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯದ್ದೂ ಹಾಗೆಯೇ. ತಾಜಾ ಮೀನಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ ಲೆಕ್ಕ ಮನೆಯಲ್ಲಿ ನಿನ್ನ ಕೈಗೆ ಬಂದಿರುವುದಿಲ್ಲ. "ವೋಚರ್ ಎಂಟ್ರಿ ಬರುತ್ತದೆ, ಜಿಎಸ್‌ಟಿ ಕಲಿಯುತ್ತಿದ್ದೇನೆ" ಅಂತ ಇದ್ದರೆ ನನಗಂತೂ ಸಮಾಧಾನ. ಎಲ್ಲ ಬರುತ್ತದೆ ಅಂದವರನ್ನು ಕಂಪ್ಯೂಟರ್ ಮುಂದೆ ಕೂರಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕುಮಟಾದಿಂದ, ಕಾಮರ್ಸ್ ಉಪನ್ಯಾಸಕಿ:
ನಮ್ಮ ಅಂತಿಮ ವರ್ಷದ ಮಕ್ಕಳ ರೆಸ್ಯೂಮೆ ತಿದ್ದುವುದು ನನ್ನ ಪಾಲಿಗೆ ಬಂದಿದೆ, ಅದರಿಂದ ಕೆಲವು ಮಾತು.

ಎನ್ನೆಸ್ಸೆಸ್ ಸ್ವಯಂಸೇವಕಿ ಅಂತ ಎಲ್ಲರೂ ಬರೆಯುತ್ತಾರೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಮೇಲೆ ಏಳು ದಿನದ ವಿಶೇಷ ಶಿಬಿರ, ಇದನ್ನು ಪೂರೈಸಿದ್ದರೆ ಹಾಗೆಂದೇ ಹಾಕು ಮಗಾ. ಶಿಬಿರದಲ್ಲಿ ನಿನಗೆ ಯಾವ ಕೆಲಸ ವಹಿಸಿದ್ದರು ಅನ್ನುವುದು ಅದಕ್ಕಿಂತ ಮುಖ್ಯ. ಹೋದ ಸಲ ಒಬ್ಬ ಹುಡುಗ "ಶಿಬಿರದಲ್ಲಿ ಭಾಗವಹಿಸಿದ್ದೇನೆ" ಅಂತ ಬರೆದು ತಂದಿದ್ದ. ಕೇಳಿದರೆ, ಅಷ್ಟೂ ದಿನ ಅಡುಗೆ ಸಾಮಾನು ತರಿಸಿ, ಬಿಲ್ಲು ಜೋಡಿಸಿ, ಉಳಿದ ದುಡ್ಡು ಮಾಸ್ತರರಿಗೆ ಒಪ್ಪಿಸಿದವನು ಅವನೇ. ಅದನ್ನು ಬರೆಸಿದ ಮೇಲೆ ಆ ಪುಟಕ್ಕೆ ಜೀವ ಬಂತು.

ಓದಿನ ವಿವರದಲ್ಲಿ ಡಿಗ್ರಿ ಮೇಲೆ, ಪಿಯುಸಿ, ಎಸ್ಸೆಸ್ಸೆಲ್ಸಿ ಕೆಳಗೆ. ಐದನೇ ಸೆಮಿಸ್ಟರ್‌ವರೆಗಿನದು ಬರೆದು ಆರನೆಯದರ ಫಲಿತಾಂಶ ಬರಬೇಕಿದೆ ಅಂತ ಸೇರಿಸು. ಅಂದಾಜಿನ ಅಂಕ ಬೇಡ. ತಂದೆಯ ಹೆಸರು, ಜಾತಿ, ಧರ್ಮ, ಮದುವೆಯ ವಿಷಯ ಯಾವುದೂ ಬೇಕಿಲ್ಲ, ಅದು ಸಂಬಂಧ ನೋಡುವಾಗಿನ ಬಯೋಡೇಟಾಕ್ಕೆ ಸರಿ. ಆಧಾರ್ ಸಂಖ್ಯೆಯನ್ನಂತೂ ಹಾಕಲೇಬೇಡ. ಎಷ್ಟು ಜನರ ಕೈ ದಾಟುತ್ತದೋ ಹೇಳಲಾಗದು.

ಪರಿಚಯಸ್ಥರು ಅಂತ ನಿಮ್ಮ ಅಕ್ಕೋರ ಹೆಸರೋ ಮಾಸ್ತರರ ಹೆಸರೋ ಹಾಕುವುದಿದ್ದರೆ ಮೊದಲು ಅವರನ್ನು ಕೇಳು, ರೆಸ್ಯೂಮೆಯ ಒಂದು ಪ್ರತಿಯನ್ನೂ ಕೊಡು. ಫೋನ್ ಬಂದಾಗ ನಿನ್ನ ಬಗ್ಗೆ ನಾಲ್ಕು ಮಾತು ಆಡಲು ಅವರಿಗೂ ಅನುಕೂಲ.

ಗೋಕರ್ಣದಿಂದ, ರೆಸಾರ್ಟ್ ರಿಸೆಪ್ಷನ್‌ನಲ್ಲಿರುವವರು:
ಹುಬ್ಬಳ್ಳಿಗೆ ಕಳಿಸಿದ್ದನ್ನೇ ಇಲ್ಲಿಗೆ ಕಳಿಸಬೇಡಿ. ಇಲ್ಲಿ ಲೆಕ್ಕಕ್ಕಿಂತ ಮಾತು ಮುಂದೆ. ಅಮ್ಮನ ಜೊತೆ ಕೂತು ಮಾರಾಟ ಮಾಡಿದ್ದರೆ, ಹೋಟೆಲಿನವರಿಂದ ಬಾಕಿ ವಸೂಲಿ ಮಾಡಿದ್ದರೆ ಅದು ಮೇಲೆ ಬರಲಿ. ಭಾಷೆಗಳನ್ನು ಒಂದೊಂದಾಗಿ ಬಿಡಿಸಿ ಬರೆಯಿರಿ: ಕನ್ನಡ, ಕೊಂಕಣಿ ಮನೆಮಾತಿನಷ್ಟು ಸಲೀಸು, ಹಿಂದಿ ಮಾತಾಡಲು ಬರುತ್ತದೆ, ಇಂಗ್ಲಿಷ್ ಓದಿ ಬರೆಯಲು ಬರುತ್ತದೆ, ಹೀಗೆ ನಿಮಗೆ ಇರುವಷ್ಟು. ಸೀಸನ್‌ನಲ್ಲಿ ಶನಿವಾರ, ಭಾನುವಾರವೇ ನಮಗೆ ಕೆಲಸ ಜಾಸ್ತಿ. ಆ ದಿನಗಳ ಪಾಳಿಗೆ ಒಪ್ಪಿಗೆ ಇದ್ದರೆ ಒಂದು ಸಾಲು ಹಾಕಿ, ಕರೆಯುವವರು ಅದನ್ನು ಮೊದಲು ನೋಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಅಂಕೋಲಾಕ್ಕೆ ಬಸ್ಸು ಹಿಡಿಯುವುದು ಕಷ್ಟ. ಉಳಿಯಲು ವ್ಯವಸ್ಥೆ ಇದೆಯಾ ಅಂತ ಕೆಲಸ ಒಪ್ಪುವ ಮೊದಲೇ ಕೇಳಿಕೊಳ್ಳಿ, ಸಂಕೋಚ ಬೇಡ.

ಹೊನ್ನಾವರದವರು, ಈಗ ಬೆಂಗಳೂರಿನಲ್ಲಿ ನೇಮಕಾತಿ ವಿಭಾಗ:
ಶಿರಸಿಯ ಅಣ್ಣನ ಮಾತು ಕೇಳಿ ಮೇಲಿನ ಪರಿಚಯದ ಸಾಲನ್ನೇ ತೆಗೆದುಬಿಡಬೇಡಿ. ಎರಡು ಸಾಲು ಇರಲಿ, ನಿಮ್ಮದೇ ಆಗಿರಲಿ: ಯಾವ ಕೆಲಸಕ್ಕೆ ಅರ್ಜಿ, ನಿಮಗೆ ಏನು ಬರುತ್ತದೆ, ಯಾವಾಗಿನಿಂದ ಬರಬಲ್ಲಿರಿ. ದಿನಕ್ಕೆ ರಾಶಿ ರಾಶಿ ನೋಡುವವರಿಗೆ ಅದರಿಂದ ಉಪಕಾರ.

ಎರಡು ಕಾಲಮ್ಮಿನ, ಬಣ್ಣದ ಪಟ್ಟಿಯ ವಿನ್ಯಾಸ ಬೇಡ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ತಂತ್ರಾಂಶ ಓದುತ್ತದೆ, ಅಂಥ ವಿನ್ಯಾಸದಲ್ಲಿ ಎಡದ ಸಾಲು ಬಲದ್ದರ ಜೊತೆ ಕಲಸಿಹೋಗುವುದುಂಟು. ಕೌಶಲವನ್ನು ಐದರಲ್ಲಿ ನಾಲ್ಕು ಚುಕ್ಕಿ ಅಂತ ತೋರಿಸುವುದಕ್ಕೂ ಅರ್ಥವಿಲ್ಲ. ಕೇಳಿದರೆ ಮಾತ್ರ ಫೋಟೋ. ಒಂದೇ ಪುಟ, ಪಿಡಿಎಫ್, ಫೈಲಿಗೆ ನಿಮ್ಮ ಹೆಸರು.

ಕಾರವಾರದಿಂದ:
ಇದನ್ನು ಓದುತ್ತಿರುವ ಐಟಿಐ ಹುಡುಗರಿಗೆ ಒಂದು ಮಾತು. ಕೈಗಾ ಅಣುಸ್ಥಾವರ, ಇಲ್ಲಿನ ನೌಕಾಪಡೆಯ ಹಡಗು ದುರಸ್ತಿ ಯಾರ್ಡ್ ಅಪ್ರೆಂಟಿಸ್‌ಗೆ ಕರೆದಾಗ ಪ್ರಕಟಣೆಯಲ್ಲಿ ಹೇಳಿದಂತೆಯೇ ಅರ್ಜಿ ತುಂಬಬೇಕು. ಅಲ್ಲಿ ರೆಸ್ಯೂಮೆಯ ಅಂದಚಂದ ಲೆಕ್ಕಕ್ಕೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲೂ ಹಾಗೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಇನಿಷಿಯಲ್ ಹಿಂದೆಮುಂದೆ ಆಗಿದ್ದರೆ ಸರಿಪಡಿಸಿಕೊಳ್ಳಲು ಓಡಾಟ ಬಹಳ.

ಸಿದ್ದಾಪುರದಿಂದ:
ನಮ್ಮಂಥ ನೆಟ್‌ವರ್ಕ್ ಸಿಗದ ಹಳ್ಳಿಯವರು ಗಮನಿಸಬೇಕಾದ್ದು. ಕಂಪನಿಯವರು ಒಂದೆರಡು ಸಲ ಫೋನ್ ಮಾಡಿ ಹತ್ತದಿದ್ದರೆ ಮುಂದಿನವರಿಗೆ ಹೋಗುತ್ತಾರೆ. ಪೇಟೆಯಲ್ಲಿರುವ ಅಣ್ಣನದೋ ಚಿಕ್ಕಮ್ಮನದೋ ನಂಬರನ್ನು, ಅವರನ್ನು ಕೇಳಿಕೊಂಡು, ಎರಡನೆಯದಾಗಿ ಕೊಡಿ. ಯಾರು ಫೋನ್ ಮಾಡಬಹುದು, ಏನನ್ನು ಬರೆದುಕೊಳ್ಳಬೇಕು ಅಂತಲೂ ಅವರಿಗೆ ಹೇಳಿಡಿ. ಕನ್ನಡದಲ್ಲಿ ರೆಸ್ಯೂಮೆ ಕೇಳುವ ಕಡೆಗೆ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿಹ್ನೆಗಳು ಕಾಣುತ್ತವೆ. ಕಳಿಸುವ ಮೊದಲು ಬೇರೆಯವರ ಮೊಬೈಲಿಗೆ ಹಾಕಿ ತೆರೆಸಿ ನೋಡಿ.